ಒಂದೇ ಕೈಯ ತೋಟ

ನಮ್ಮ ಊರಿನಲ್ಲಿ ನನಗಿಂತ ವಯಸ್ಸಾದ ಮರಗಳು ಎರಡೇ ಇವೆ. ಎರಡನ್ನೂ ನೆಟ್ಟ ಸಿದ್ದವ್ವಜ್ಜಿ ಇನ್ನೂ ಬದುಕಿದ್ದಾಳೆ, ಹಲ್ಲಿಲ್ಲದ ಬಾಯಲ್ಲಿ ಹೋಗುವವರನ್ನೂ ಬರುವವರನ್ನೂ ಬೈಯುತ್ತ ಕಟ್ಟೆಯ ಮೇಲೆ ಕೂತಿರುತ್ತಾಳೆ. ಅವಳ ಬೈಗುಳವನ್ನು ನಾವು ಪ್ರಸಾದದ ಹಾಗೆ ಸ್ವೀಕರಿಸುತ್ತೇವೆ. ಅವಳು ಕಣ್ಣು ಮುಚ್ಚಿದ ದಿನ, ಸಂಜೆ ದೀಪ ಹಚ್ಚುವಷ್ಟರಲ್ಲಿ, ಸಂತೆ ಬಯಲಿನ ನೆರಳೆಲ್ಲ ಹೋಗುತ್ತದೆ. ಇಲ್ಲಿ ನೆಟ್ಟ ಕೈ ಇರುವ ತನಕ ಗಿಡ. ತಾನಾಗಿ ಬಿದ್ದ ಬೀಜ ಮೊಳೆಯುವುದಿಲ್ಲ. ಹಾಗಾಗಿ ಎಪ್ಪತ್ತು ದಾಟಿದವರು ಕೊತ್ತಂಬರಿ, ಮೆಂತ್ಯ ಬಿಟ್ಟು ಬೇರೇನನ್ನೂ ನೆಡುವಂತಿಲ್ಲ. ಶಾಲೆಗೆ ಸೇರಿದ ದಿನ ಮಕ್ಕಳ ಕೈಯಿಂದ ರಸ್ತೆಯ ಬದಿಗೆ ಬೇವು, ಹೊಂಗೆ ನೆಡಿಸುತ್ತೇವೆ. ದೂರದ ಊರಿಗೆ ಹೋದ ಮಗನ ಸುದ್ದಿ ಬೇಕೆಂದರೆ ತಾಯಿ ಅಂಚೆಯವನ ದಾರಿ ಕಾಯುವುದಿಲ್ಲ. ಬೆಳಗ್ಗೆ ಎದ್ದು ಅವನ ಬೇವಿನ ಮರವನ್ನು ನೋಡುತ್ತಾಳೆ, ಹಸಿರಾಗಿದ್ದರೆ ಕಸ ಗುಡಿಸಲು ಹೋಗುತ್ತಾಳೆ.

ನಾನು ಅಡಿವೆಪ್ಪ, ತೋಟಗಳ ನಕ್ಷೆ ಬರೆಯುವವನು. ನೀರು ಎಲ್ಲಿ ಹರಿಯಬೇಕು, ಯಾವ ಹೂವಿನ ಪಕ್ಕ ಯಾವ ಹೂವು ನಿಲ್ಲಬೇಕು ಎಂದು ಹೇಳುವುದು ನನ್ನ ಕಸುಬು, ನೆಡುವುದು ಬೇರೆಯವರದು. ನಾನು ಬರೆದ ಯಾವ ತೋಟವೂ ಎರಡು ವರ್ಷ ನಕ್ಷೆಯಂತೆ ಉಳಿದದ್ದಿಲ್ಲ. ಯಾರೋ ಒಬ್ಬರು ಸಾಯುತ್ತಿದ್ದರು, ನಟ್ಟನಡುವೆ ಒಂದು ಸಾಲು ಒಣಗುತ್ತಿತ್ತು. ನಮ್ಮವರು ಅದಕ್ಕೆ ತೂತು ಎನ್ನುತ್ತಾರೆ. ‘ಇದು ಕಂಬಾರ ಈರಪ್ಪನ ತೂತು’ ಎಂದು ಅಲ್ಲೊಂದು ಕಲ್ಲು ಹಾಕಿಕೊಂಡು, ಕೂತು ಎಲೆ ಅಡಿಕೆ ಹಾಕುತ್ತಾರೆ. ಯಾರಿಗೂ ಅದರಿಂದ ಬೇಸರವಿರಲಿಲ್ಲ. ನನಗೆ ಮಾತ್ರ ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಉರಿಯಲಿಕ್ಕೆ ಕಾರಣವಿತ್ತು. ನಮ್ಮ ಮನೆಯ ಹಿತ್ತಲು ನಾನು ಬರೆದ ಮೊದಲ ನಕ್ಷೆ, ನೆಟ್ಟವಳು ನನ್ನ ಹೆಂಡತಿ ನೀಲಮ್ಮ. ಮಲ್ಲಿಗೆ, ಕರಿಬೇವು, ನುಗ್ಗೆ, ಎರಡು ದಾಳಿಂಬೆ, ಬೇಲಿಗೆ ದಾಸವಾಳ, ಎಲ್ಲವೂ ಅವಳದೇ. ಮೂರು ದಿನದ ಜ್ವರದಲ್ಲಿ ಹೋದಳು. ಅವಳನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಹಿತ್ತಲು ಕಸಬರಿಕೆಯ ಕಡ್ಡಿಯಂತಾಗಿತ್ತು. ಆರು ವರ್ಷದ ಮಗಳು ಸಂಕವ್ವ ಉದುರಿದ ಎಲೆಗಳನ್ನು ಗುಡ್ಡೆ ಮಾಡಿಕೊಂಡು ಕೂತಿದ್ದಳು. ಒಂದೇ ದಿನದಲ್ಲಿ ಹೆಂಡತಿಯನ್ನು ಎರಡು ಸಲ ಕಳೆದುಕೊಂಡ ಹಾಗಾಯಿತು ನನಗೆ. ಆಮೇಲೆ ಆ ಹಿತ್ತಲಿಗೆ ಚಪ್ಪಡಿ ಹಾಸಿಸಿಬಿಟ್ಟೆ.

ಮಗಳು ತಾಯಿಯ ಹಾಗೆ ಮಣ್ಣಿಗೆ ಅಂಟಿಕೊಳ್ಳಲಿಲ್ಲ, ನನ್ನ ಹಾಗೆ ಕಾಗದಕ್ಕೂ ಅಂಟಿಕೊಳ್ಳಲಿಲ್ಲ. ಅವಳು ಮಾಡು ಹತ್ತಿದಳು. ಹೆಂಚು ಹೊದಿಸುವ ಮೌಲಾಸಾಬ ನಮ್ಮ ಮನೆಯ ಸೋರಿಕೆ ನೋಡಲು ಬಂದಾಗ ಹನ್ನೆರಡು ವರ್ಷದ ಇವಳು ಏಣಿಯ ಕೆಳಗೆ ನಿಂತು ಹೆಂಚು ಎತ್ತಿಕೊಟ್ಟಳು, ಮಧ್ಯಾಹ್ನದ ಹೊತ್ತಿಗೆ ಅವನ ಪಕ್ಕದಲ್ಲಿ ಕೂತಿದ್ದಳು. ಹದಿನೆಂಟಕ್ಕೆ ಊರಿನ ಅರ್ಧ ಮಾಡುಗಳು ಇವಳ ಕೈಯವು. ತುದಿಯ ತೊಲೆಯ ಮೇಲೆ ಎರಡೂ ಕೈಯಲ್ಲಿ ಹೆಂಚು ಹಿಡಿದು ಓಡಾಡುತ್ತಿದ್ದಳು. ಬಿಸಿಲಿಗೆ ಕಪ್ಪಾಗಿ, ಗಂಟಲು ಬಿಚ್ಚಿ ಹಾಡುತ್ತ, ಕೆಳಗೆ ಹೋಗುವವರಿಗೆಲ್ಲ ಅಡ್ಡಹೆಸರು ಇಟ್ಟು ಕರೆಯುತ್ತಿದ್ದಳು. ನನ್ನನ್ನು ಕಾಗದದ ಗೌಡ ಎನ್ನುತ್ತಿದ್ದಳು. ಅವಳನ್ನು ಕಂಡರೆ ನನಗೆ ಎಷ್ಟು ಹೆಮ್ಮೆಯಿತ್ತೆಂದು ಅವಳಿಗೆ ಹೇಳಿದ ನೆನಪಿಲ್ಲ.

ಏಳೂರು ಸೇರಿ ಹನ್ನೆರಡು ವರ್ಷಕ್ಕೊಮ್ಮೆ ತೋಟಗಳ ಪ್ರದರ್ಶನ ಮಾಡುತ್ತೇವೆ. ನೆಟ್ಟವರ ಜೊತೆ ಗಿಡವೂ ಸಾಯುವುದು ಉಳಿದ ಆರು ಊರುಗಳಲ್ಲಿಲ್ಲ. ಅಲ್ಲಿ ಸತ್ತವರ ಮರಗಳೂ ಹಣ್ಣು ಬಿಡುತ್ತವೆ. ಒಂದು ಪ್ರದರ್ಶನದಲ್ಲಿ, ಮೂರನೆಯ ದಿನ, ನಮ್ಮ ಸೇವಂತಿಗೆ ನೆಟ್ಟ ಮುದುಕ ತೀರಿಹೋಗಿ, ಜನ ನೋಡನೋಡುತ್ತಿದ್ದಂತೆ ಆರು ಸಾಲು ಒಣಗಿ ನಿಂತಿತು. ಪರವೂರಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅದರ ಮುಂದಿನ ಪ್ರದರ್ಶನ, ಸಂಕವ್ವನಿಗೆ ಹತ್ತೊಂಬತ್ತು ತುಂಬಿದ ವರ್ಷ, ನಮ್ಮಲ್ಲೇ ಎಂದಾದಾಗ, ವಿಷಯವನ್ನೂ ಕೊಟ್ಟರು: ಭೂಮಿಯ ಮೇಲಿನ ಸ್ವರ್ಗ. ತೋಟದ ಸಮಿತಿಯ ಅಧ್ಯಕ್ಷರಾದ ಚನಬಸು ದೇಸಾಯರು ನನ್ನನ್ನು ಕರೆಸಿದರು.

“ಸ್ವರ್ಗ ಅಂದ ಮ್ಯಾಲೆ ಒಂದು ಐರಾವತ ಬೇಕಲ್ಲೋ ಅಡಿವೆಪ್ಪ. ಸಿಮೆಂಟಿನ್ಯಾಗ ಮಾಡಸೂಣು. ಸೊಂಡಿಲದಾಗಿಂದ ನೀರು ಬರ್ಲಿ. ರಂಭಿ ಊರ್ವಶಿ ಇಬ್ರೂ ಬಾಜೂಕ ನಿಲ್ಲಲಿ.”

“ಆನಿ ನೋಡಾಕ ಬರ್ತಾರಿ, ತೋಟ ನೋಡಾಂಗಿಲ್ಲ ಯಾರೂ,” ಎಂದೆ.

ಅವರ ಮನೆಯ ಅಟ್ಟದಲ್ಲಿ ಒಂದು ಹಳೆಯ ರತ್ನಗಂಬಳಿಯಿತ್ತು, ಎಂದೋ ಯಾವನೋ ವ್ಯಾಪಾರಿ ಒಂಟೆಯ ಮೇಲೆ ತಂದದ್ದು. ಅದನ್ನು ಬಿಡಿಸಿ ನೋಡಿದರೆ ಅದೇ ಒಂದು ತೋಟ. ನಾಲ್ಕು ದಿಕ್ಕಿನಿಂದ ನಾಲ್ಕು ಕಾಲುವೆ ಬಂದು ನಡುವಿನ ಕೊಳದಲ್ಲಿ ಕೂಡುತ್ತವೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಚೌಕ, ಅದರೊಳಗೆ ಹಣ್ಣಿನ ಮರ, ಮರದ ಬುಡಕ್ಕೆ ಹೂವು, ಒಂದು ಬೆರಳಿನಷ್ಟು ಜಾಗವೂ ಖಾಲಿಯಿಲ್ಲ. ಮರುಭೂಮಿಯಲ್ಲಿ ಬದುಕಿದ ಯಾರೋ ಸ್ವರ್ಗವೆಂದರೆ ಹೀಗೆ ಎಂದು ನೆಯ್ದಿದ್ದರು. ನಾನು ಅದರ ಮುಂದೆ ಮಧ್ಯಾಹ್ನವಿಡೀ ಕೂತೆ. ಎದ್ದಾಗ ನನ್ನ ತಲೆಯಲ್ಲಿ ಒಂದೇ ಮಾತಿತ್ತು. ಸ್ವರ್ಗದಲ್ಲಿ ತೂತು ಇರಬಾರದು.

ತೂತು ಬೀಳಬಾರದೆಂದರೆ ನೆಡುವ ಕೈ ಒಂದೇ ಇರಬೇಕು. ಹತ್ತು ಕೈ ನೆಟ್ಟರೆ ಹತ್ತು ಸಾವು ಕಾಯುತ್ತಿರುತ್ತವೆ. ಒಂದೇ ಕೈ, ಎಳೆಯ ಕೈ, ಗಟ್ಟಿ ಕೈ. ಸಮಿತಿಯಲ್ಲಿ ಹೀಗೆಂದಾಗ ದೇಸಾಯರು ಮೇಜು ಗುದ್ದಿ ಭೇಷ್ ಎಂದರು. ಯಾರ ಕೈ ಎಂಬ ಪ್ರಶ್ನೆ ಬಂತು. ಡಾಕ್ಟರು ಊರಿನ ಹದಿನಾರು ಹುಡುಗ ಹುಡುಗಿಯರ ಎದೆಗೆ ಕೊಳವೆ ಇಟ್ಟು ನೋಡಿದರು. ಒಬ್ಬನಿಗೆ ದಮ್ಮು, ಒಬ್ಬಳಿಗೆ ರಕ್ತ ಕಡಿಮೆ. ಹುಟ್ಟಿದಾಗಿನಿಂದ ಒಂದು ಕೆಮ್ಮೂ ಕಾಣದ ನನ್ನ ಮಗಳ ಹೆಸರನ್ನು ಹೇಳಿದವನು ನಾನೇ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಇದನ್ನು ಇಲ್ಲಿ ಬರೆದಿಡದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

“ಎಷ್ಟು ದಿನದ ಕೆಲಸ ಯಪ್ಪಾ?” ಎಂದು ಕೇಳಿದಳು.

“ನಲವತ್ತು ದಿನ.”

“ಹಂಗಾರ ಆಗಲಿ. ಸಾಲಿ ಮಾಡಿಗೆ ಹೆಂಚು ಹಾಕೂದು ಮಳಿಗಾಲಕ್ಕ ಮೊದ್ಲ ಮುಗಸಬೇಕು. ಮೌಲಾಚಾಚಾ ಈ ಸಲ ನೀನ ಮುಂದ ನಿಲ್ಲು ಅಂದಾನ.”

ಆ ನಲವತ್ತು ದಿನ ನನ್ನ ಬದುಕಿನ ಅತಿ ಸುಖದ ದಿನಗಳು. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ನಾನು ದಾರ ಹಿಡಿದು ಗುರುತು ಹಾಕುತ್ತಿದ್ದೆ, ಅವಳು ಗುದ್ದಲಿ ಹಾಕುತ್ತಿದ್ದಳು. ಬೇರೆ ಯಾರೂ ಸಸಿಯನ್ನು ಮುಟ್ಟುವಂತಿರಲಿಲ್ಲ. ನೀರು ಹೊರುವವರು ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದರು. ಪಾರಿಜಾತ, ಸಂಪಿಗೆ, ಅಂಜೂರ, ಕಿತ್ತಳೆ, ನಾಲ್ಕೂ ಕಾಲುವೆಯ ಅಂಚಿಗೆ ನೆಲಸಂಪಿಗೆ ಮತ್ತು ಮರುಗ. “ಇಲ್ಲಿ ಅಲ್ಲಬೇ, ಒಂದು ಗೇಣು ಈಕಡೆ,” ಎಂದು ನಾನು ಚೀರುತ್ತಿದ್ದೆ. “ಸ್ವರ್ಗದಾಗ ಗೇಣಿನ ಲೆಕ್ಕಾ ಕೇಳ್ತಾರೇನೋ ಕಾಗದದ ಗೌಡಾ?” ಎಂದು ಅವಳು ನಗುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಾಗ ಅವಳ ತಾಯಿಯ ಬಗ್ಗೆ ಕೇಳುತ್ತಿದ್ದಳು. ಹದಿಮೂರು ವರ್ಷ ಬಾಯಿ ಬಿಡದ ನಾನು ಆ ದಿನಗಳಲ್ಲಿ ನೀಲಮ್ಮನ ಬಗ್ಗೆ ಮಾತಾಡಿದೆ.

ಪ್ರದರ್ಶನಕ್ಕೆ ಬಂದವರು ದ್ವಾರದಲ್ಲೇ ಚಪ್ಪಲಿ ಬಿಟ್ಟರು, ಬಿಡಿರೆಂದು ಯಾರೂ ಹೇಳಿರಲಿಲ್ಲ. ಪರವೂರಿನ ಒಬ್ಬ ಗಂಡಸು ಕೊಳದ ಹತ್ತಿರ ಬಿಕ್ಕಿಬಿಕ್ಕಿ ಅತ್ತ. ಮೊದಲ ಬಹುಮಾನ ನಮಗೆ ಬಂತು. ಅದರ ಮರುದಿನ ಸಮಿತಿ ಸೇರಿ, ಈ ತೋಟವನ್ನು ಕೀಳಬಾರದು, ಊರಿನ ಆಸ್ತಿಯಾಗಿ ಶಾಶ್ವತವಾಗಿ ಉಳಿಸಬೇಕು ಎಂದು ಠರಾವು ಮಾಡಿತು. ನಕ್ಷೆ ಬರೆದವನ ಸಹಿಯಿಲ್ಲದೆ ಅಲ್ಲಿ ಒಂದು ಗರಿಕೆಯನ್ನೂ ಬದಲಿಸಬಾರದು ಎಂಬ ಗೌರವವನ್ನು ನನಗೆ ಕೊಟ್ಟರು. ನಾನು ಶಾಲು ಹೊದ್ದು ಕೂತಿದ್ದೆ. ಶಾಶ್ವತ ಎಂಬ ಮಾತು ಕಿವಿಗೆ ಬಿದ್ದಾಗಲೂ ನನಗೆ ನನ್ನ ಮಗಳು ನೆನಪಾಗಲಿಲ್ಲ.

ಮೂರನೆಯ ದಿನ ಅವಳು ಏಣಿ ಹೊತ್ತು ಶಾಲೆಯ ಕಡೆ ಹೊರಟಾಗ ಬೀದಿಯ ಜನವೇ ತಡೆದರು. ಯಾರೂ ಬೈಯಲಿಲ್ಲ. ಕೈ ಮುಗಿದರು. “ಬ್ಯಾಡವ್ವಾ ತಾಯಿ, ಮ್ಯಾಲೆ ಹತ್ತಬ್ಯಾಡ.” ಒಬ್ಬಳು ಹಾಲು ತಂದಳು, ಇನ್ನೊಬ್ಬಳು ಬಾದಾಮಿ ಅರೆದು ತಂದಳು. ಏಣಿಯನ್ನು ಮೆಲ್ಲಗೆ ಅವಳ ಹೆಗಲಿನಿಂದ ಇಳಿಸಿಕೊಂಡರು. ಆಮೇಲೆ ಬಾವಿ ಕಟ್ಟೆಗೆ ಹೋಗಬಾರದೆಂದಾಯಿತು. ಬಸ್ಸು ಹತ್ತಬಾರದೆಂದಾಯಿತು. ಒಂದು ಒಳ್ಳೆಯ ಸಂಬಂಧ ಬಂದಿತ್ತು, ಹುಡುಗನನ್ನು ಅವಳೂ ಒಪ್ಪಿದ್ದಳು. ಸೂಲಗಿತ್ತಿ ಸಮಿತಿಯ ಮುಂದೆ ನಿಂತು, ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು, ನಾನು ಮಾತು ಕೊಡಲಾರೆ ಎಂದಳು. ಹುಡುಗನ ಮನೆಯವರು ತಾವಾಗಿಯೇ ಹಿಂದೆ ಸರಿದರು, ಹೋಗುವಾಗ ತೋಟ ನೋಡಿಕೊಂಡು ಹೋದರು.

ಆ ಸಂಜೆ ಅವಳು ನನ್ನ ಮುಂದೆ ಬಂದು ಕೂತಳು.

“ಯಪ್ಪಾ, ಸಸಿ ಇನ್ನೂ ಸಣ್ಣವು ಅದಾವ. ಬ್ಯಾರೆಯವರು ಕಿತ್ತು ಮತ್ತ ಅಲ್ಲೇ ನೆಟ್ರ ಅವರ ಕೈಯವು ಆಗ್ತಾವ. ಮನಿಗೊಂದರಂಗ ಹಂಚಿಬಿಡು. ಎಲ್ಲಾ ತೋಟದಂಗ ಇದೂ ಇರಲಿ. ನಿನ್ನ ಸಹಿ ಒಂದು ಬೇಕು ಅಷ್ಟ.”

“ತೂತು ಬೀಳ್ತಾವಲ್ಲಬೇ.”

“ಬೀಳಲಿ ಬಿಡು. ಮಂದಿ ಸಾಯೂದಿಲ್ಲೇನು?”

ಪಾರಿಜಾತ ಒಂದು ಸಲ ಹೂ ಬಿಡಲಿ, ಆಮೇಲೆ ಮಾಡೋಣ ಎಂದೆ. ಪಾರಿಜಾತ ಹೂ ಬಿಟ್ಟಿತು. ಕಿತ್ತಳೆ ಒಂದು ಕಾಯಿ ಹಿಡಿಯಲಿ ಎಂದೆ. ಕಿತ್ತಳೆಯೂ ಹಿಡಿಯಿತು. ಅಷ್ಟರಲ್ಲಿ ಬೇರು ಇಳಿದು, ಮರಗಳನ್ನು ಕಿತ್ತು ನೆಡುವ ಕಾಲ ದಾಟಿತು. ಇನ್ನು ಕೈ ಬದಲಿಸಬೇಕೆಂದರೆ ಕಡಿದು ಹೊಸದಾಗಿಯೇ ಹಾಕಬೇಕಿತ್ತು. ಪ್ರತಿ ಸಲವೂ ಇದೊಂದೇ ಸಲ ಎಂದುಕೊಳ್ಳುತ್ತಿದ್ದೆ. ಬೆಳಗ್ಗೆ ಎದ್ದು ತೋಟಕ್ಕೆ ಹೋಗಿ, ನಾಲ್ಕು ಕಾಲುವೆಯ ನೀರು ಕೂಡುವಲ್ಲಿ ನಿಂತು, ಎಲ್ಲೂ ಒಂದು ಖಾಲಿ ಜಾಗ ಕಾಣದೆ ಇರುವುದನ್ನು ನೋಡುತ್ತಿದ್ದೆ. ಆಗ ಸಹಿ ಮಾಡುವ ಕೈ ಏಳುತ್ತಿರಲಿಲ್ಲ. ಆಸೆಗೆ ಕೊನೆಯಿಲ್ಲ ಎನ್ನುತ್ತಾರೆ, ನನ್ನದು ಆಸೆಯೂ ಅಲ್ಲ. ಹೆಂಡತಿಯ ಹಿತ್ತಲು ಮತ್ತೆ ಸಿಕ್ಕಿದೆ, ಬಿಟ್ಟುಕೊಡಲಾರೆ ಎನ್ನುವ ಹಟ.

ಅವಳಿಗೆ ಇಪ್ಪತ್ತಾರು ತುಂಬಿದ ವರ್ಷ, ಮಳೆಗಾಲ ಮುಗಿದ ಮೇಲಿನ ಒಂದು ಬೆಳಗ್ಗೆ, ಸಮಿತಿಯವರು ಅವಳ ಹಿಂದೆ ಇಟ್ಟಿದ್ದ ಕಾವಲಿನವನು ಚಹಾ ಕುಡಿಯಲು ಹೋದಾಗ ಅವಳು ಶಾಲೆಯ ಮಾಡು ಹತ್ತಿಬಿಟ್ಟಳು. ಮೌಲಾಸಾಬ ಅಲ್ಲಿ ಒಡೆದ ಹೆಂಚು ತೆಗೆಯುತ್ತಿದ್ದ. ಏಳು ವರ್ಷದಿಂದ ಅಭ್ಯಾಸ ತಪ್ಪಿದ ಕಾಲು, ಪಾಚಿ ಕಟ್ಟಿದ ಹೆಂಚು. ಸಂಕವ್ವ ಬಿದ್ದಳು ಎಂಬ ಕೂಗು ನನ್ನ ಮನೆಯ ತನಕ ಬಂತು. ನಾನು ಬರಿಗಾಲಲ್ಲಿ ಓಡಿದೆ.

ನಾನು ಓಡಿದ್ದು ತೋಟಕ್ಕೆ.

ಊರಿಗೆ ಊರೇ ಅಲ್ಲಿತ್ತು. ದೇಸಾಯರು ಪಂಚೆ ಎತ್ತಿಕಟ್ಟಿ ಸಂಪಿಗೆಯ ಕೆಳಗೆ ನಿಂತು ಎಲೆ ನೋಡುತ್ತಿದ್ದರು. ಹೆಂಗಸರು ಮರುಗದ ಗಿಡವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಅಂಜೂರದ ಎಲೆಯನ್ನು ಹಿಡಿದೆ. ಹಸಿರಾಗಿತ್ತು, ಗಟ್ಟಿಯಾಗಿತ್ತು, ಬೆರಳಿಗೆ ಹಾಲು ಅಂಟಿತು. ಬದುಕಿದ್ದಾಳೆ! ನಾನು ಕೊಳದ ಕಟ್ಟೆಯ ಮೇಲೆ ಕುಸಿದು ಸಂತೋಷಕ್ಕೆ ಅತ್ತುಬಿಟ್ಟೆ. ಯಾರೋ ಮಜ್ಜಿಗೆ ಕೊಟ್ಟರು, ಕುಡಿದೆ. ದೇಸಾಯರು ಬೆನ್ನು ತಟ್ಟಿದರು. ಇನ್ನೂ ಸ್ವಲ್ಪ ಹೊತ್ತು ಕಾದು ನೋಡೋಣ ಎಂದು ಯಾರೋ ಹೇಳಿದರು, ಎಲ್ಲರೂ ಕಾದೆವು, ನಾನೂ ಕಾದೆ. ನನ್ನ ಮಗಳು ಶಾಲೆಯ ಅಂಗಳದಲ್ಲಿ ಬಿದ್ದಿದ್ದಾಳೆ, ಅಲ್ಲಿಗೆ ಹೋಗಬೇಕು ಎಂಬುದು ನನಗೆ ಹೊಳೆಯುವ ಹೊತ್ತಿಗೆ ಬಿಸಿಲು ಏರಿತ್ತು.

ಅವಳು ಮೌಲಾಸಾಬನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಎಡಗಾಲಿನ ಹರಡು ಮುರಿದು ಊದಿಕೊಂಡಿತ್ತು. ಅವರಿಬ್ಬರನ್ನು ಬಿಟ್ಟರೆ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೌಲಾಸಾಬ ತನ್ನ ರುಮಾಲು ಹರಿದು ಅವಳ ಕಾಲಿಗೆ ಕಟ್ಟಿದ್ದ.

“ಎಷ್ಟ ಚೀರಿದ್ನೋ ಅಡಿವೆಪ್ಪ,” ಎಂದ. “ಒಬ್ರರ ಬರಲಿಲ್ಲಲೋ.”

ಸಂಕವ್ವ ನನ್ನ ಮುಖ ನೋಡಲಿಲ್ಲ, ಪಾದಗಳನ್ನು ನೋಡಿದಳು. ಬೆರಳ ಸಂದಿಯಲ್ಲಿ ಕಾಲುವೆಯ ಕೆಸರು, ಹಿಮ್ಮಡಿಗೆ ಅಂಟಿದ ಪಾರಿಜಾತದ ಎಸಳು.

“ಮೊದ್ಲ ತೋಟಕ್ಕ ಹೋಗಿದ್ದೇನು?”

“ನೀ ಇದ್ದೀಯೋ ಇಲ್ಲೋ ನೋಡಾಕ ಹೋಗಿದ್ನವಾ.”

“ನಾ ಇಲ್ಲಿದ್ನಲ್ಲಾ ಯಪ್ಪಾ,” ಎಂದಳು.

ನಮ್ಮ ಊರಿನಲ್ಲಿ ಯಾರೇ ಆದರೂ ಹಾಗೇ ಮಾಡುತ್ತಿದ್ದರು ಎನ್ನಬಹುದು. ಅದು ನಿಜವೂ ಹೌದು, ಆದರೆ ಉತ್ತರವಲ್ಲ.

ಅದಾದ ಮೇಲೆ ಅವಳು ಸಹಿಯ ಮಾತನ್ನು ಎತ್ತಲಿಲ್ಲ. ಸಮಿತಿಯವರು ತೋಟದೊಳಗೇ ಅವಳಿಗೊಂದು ಮನೆ ಕಟ್ಟಿಸಿದರು, ಹೊಸ್ತಿಲೂ ಇಲ್ಲದ, ಮೆಟ್ಟಿಲೂ ಇಲ್ಲದ ಮನೆ. ಗೋಡೆಯುದ್ದಕ್ಕೂ ಹಿಡಿದು ನಡೆಯಲು ಬಿದಿರಿನ ಕಂಬಿ ಹಾಕಿಸಿದರು. ಕಾಲು ಕೂಡಿದ ಮೇಲೆ ಅವಳು ಕಂಬಿ ಹಿಡಿದೇ ನಡೆದಳು. ಮೊದಲ ವರ್ಷ ಕಾವಲಿನವರು ಅವಳ ಹಿಂದೆ ಓಡಾಡುತ್ತಿದ್ದರು, ಆಮೇಲೆ ಅಗತ್ಯ ಬೀಳಲಿಲ್ಲ. ಮಳೆ ಬಂದರೆ ತಾನೇ ಒಳಗೆ ಹೋಗುತ್ತಿದ್ದಳು. ಮೀನಿನಲ್ಲಿ ಮುಳ್ಳಿರುತ್ತದೆಂದು ಮೀನು ಬಿಟ್ಟಳು. ಹಾಡುವುದನ್ನು ಯಾವಾಗ ನಿಲ್ಲಿಸಿದಳೋ ತಿಳಿಯದು, ಯಾರೂ ಗಮನಿಸಲಿಲ್ಲ. ಊರೂರಿನ ಜನ ತೋಟ ನೋಡಲು ಬರುತ್ತಿದ್ದರು, ಹೋಗುವಾಗ ಅವಳ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಾನು ವಾರಕ್ಕೆರಡು ಸಲ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ. ಉಂಡೆಯಾ ಎಂದರೆ ಉಂಡೆ ಎನ್ನುತ್ತಿದ್ದಳು.

ಹೋದ ಚಳಿಗಾಲದಲ್ಲಿ ಮೌಲಾಸಾಬ ತೀರಿಕೊಂಡ. ಶಾಲೆಯ ಬಾಗಿಲಿಗೆ ಅವನು ಹುಡುಗನಾಗಿದ್ದಾಗ ನೆಟ್ಟ ಬೇವು ಅಂದು ಸಂಜೆಗೇ ಒಣಗಿತು. ಮರುದಿನ ನಾನು ಅತ್ತ ಹೋದೆ. ಮರ ಕಡಿದು, ಬುಡದ ಸುತ್ತ ಹತ್ತಾರು ಜನ ಕೂತಿದ್ದರು. ಅವನು ಮಾಡಿನಿಂದ ಗೌಡರ ತಲೆಯ ಮೇಲೆ ಹೆಂಚು ಬೀಳಿಸಿದ್ದು, ನಾಲ್ಕು ಸಲ ಲಗ್ನವಾಗಲು ಹೋಗಿ ನಾಲ್ಕು ಸಲವೂ ಮದುವೆಮನೆಯ ಚಪ್ಪರ ಹಾಕಿ ಬಂದದ್ದು, ಎಲ್ಲ ಹೇಳಿಕೊಂಡು ನಗುತ್ತಿದ್ದರು, ಅಳುತ್ತಿದ್ದರು. ಮೌಲಾಸಾಬನ ತೂತಿನಲ್ಲಿ ಬಿಸಿಲು ಬಿದ್ದಿತ್ತು. ಜೀವಮಾನವಿಡೀ ದ್ವೇಷಿಸಿದ ಅಂಥ ಜಾಗದಲ್ಲಿ ನಾನು ಮೊದಲ ಸಲ ಕೂತೆ. ನನ್ನ ಸಂಕವ್ವ ಹೋದ ದಿನ ಊರು ತೋಟಕ್ಕಾಗಿ ಎದೆ ಬಡಿದುಕೊಳ್ಳುತ್ತದೆ, ಅವಳಿಗಾಗಿ ಅಳುವವರು ಯಾರೂ ಇರುವುದಿಲ್ಲ, ಹೇಳಿಕೊಂಡು ನಗಲು ಅವಳದೊಂದು ಕಥೆಯೂ ಉಳಿದಿಲ್ಲ ಎಂದು ಆಗ ತಿಳಿಯಿತು. ನನಗೆ ಎಪ್ಪತ್ತೆಂಟು. ಮನೆಗೆ ಬಂದು ಸಹಿ ಮಾಡಿದೆ.

ತೋಟವನ್ನು ಚೌಕ ಚೌಕವಾಗಿ ಕಡಿದು, ಊರಿನವರೆಲ್ಲ ಸೇರಿ ಹೊಸದಾಗಿ ನೆಡಬಹುದು ಎಂದು ಬರೆದಿದ್ದೆ. ದೇಸಾಯರು ಈಗಿಲ್ಲ, ಅವರ ಮಗ ಅಧ್ಯಕ್ಷ. ಅವನು ಓದಿ ಕಾಗದವನ್ನು ನನಗೇ ಹಿಂದಿರುಗಿಸಿದ. “ಕಾಕಾ, ನಮ್ಮ ತಕರಾರು ಏನಿಲ್ರಿ. ಅಕ್ಕನ್ನ ಒಂದು ಮಾತು ಕೇಳ್ರಿ,” ಎಂದ. ಇಷ್ಟು ಸುಲಭವಾಗಿತ್ತೇ ಎಂದುಕೊಳ್ಳುತ್ತ ಅವಳ ಮನೆಯ ಕಡೆ ನಡೆದೆ.

ಸಂಕವ್ವನಿಗೆ ಈಗ ನಲವತ್ತೊಂಬತ್ತು. ನೆರಳಿನಲ್ಲೇ ಇದ್ದು ಇದ್ದು ಬೆಳ್ಳಗಾಗಿದ್ದಾಳೆ. ನಾನು ಏನೂ ಹೇಳದೆ ಅವಳನ್ನು ಶಾಲೆಯ ತನಕ ಕರೆದುಕೊಂಡು ಹೋದೆ. ದಾರಿಯಲ್ಲಿ ಕಂಬಿ ಇಲ್ಲದ್ದರಿಂದ ಅವಳು ಗೋಡೆಗಳನ್ನು ಸವರಿಕೊಂಡು ಬಂದಳು. ಮಾಡಿಗೆ ಏಣಿ ಹಚ್ಚಿತ್ತು, ಮೌಲಾಸಾಬನ ಶಿಷ್ಯರು ಅರ್ಧ ಹೆಂಚು ಹೊದಿಸಿ ಊಟಕ್ಕೆ ಹೋಗಿದ್ದರು. ಅಲ್ಲಿ ನಿಂತು ಕಾಗದವನ್ನು ಅವಳ ಕೈಗೆ ಕೊಟ್ಟೆ.

“ಸಹಿ ಮಾಡೇನವಾ. ಇನ್ನ ನಿನ್ನ ಯಾರೂ ಹಿಡಿಯೂದಿಲ್ಲ. ಹತ್ತು. ಎಲ್ಲಿಗೆ ಬೇಕಾರ ಹೋಗು. ನನ್ನಿಂದ ತಪ್ಪಾತು, ಮೂವತ್ತು ವರ್ಷ ತಪ್ಪು ಮಾಡಿದ್ನಿ.”

ಅವಳು ಕಾಗದವನ್ನು ನಿಧಾನವಾಗಿ ಓದಿದಳು. ತಲೆ ಎತ್ತಿ ಮಾಡನ್ನು ನೋಡಿದಳು. ಏಣಿಯ ಮೊದಲ ಮೆಟ್ಟಿಲ ಮೇಲೆ ಕೈಯಿಟ್ಟಳು. ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ, ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ, ಸಿಟ್ಟಿನಿಂದ ನನ್ನ ಕಡೆ ತಿರುಗಿದಳು.

“ನಿನಗ ಅರುಳು ಮರುಳು ಹತ್ತೇತೇನಪಾ? ನಾ ಬಿದ್ರ ತೋಟದ ಗತಿ ಏನು?”

“ತೋಟ ಹಾಳಾಗಿ ಹೋಗಲಿ.”

“ಹಂಗೆಲ್ಲಾ ಅನಬಾರದು,” ಎಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಹರಿದು, ಚೂರುಗಳನ್ನು ಹಾರದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡಳು. “ನಡಿ, ಬಿಸಲಾತು. ನೀರು ಹಾಯಿಸೂ ಹೊತ್ತು.”

ಶಾಲೆಯ ಗೇಟಿಗೆ ಎರಡು ಮೆಟ್ಟಿಲುಗಳಿವೆ. ಅಲ್ಲಿಗೆ ಬಂದಾಗ ಅವಳು ನನ್ನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು. ದಾರಿಯಲ್ಲಿ ಹೋಗುವವರು, ಮುದಿ ತಂದೆಯನ್ನು ಮಗಳು ಎಷ್ಟು ಜೋಪಾನದಿಂದ ಇಳಿಸುತ್ತಿದ್ದಾಳೆ ನೋಡಿ ಎಂದು ಮೆಚ್ಚಿಕೊಂಡಿರಬೇಕು. ನಾನು ಬಿದ್ದರೆ ಬಾಡುವಂಥದ್ದು ಈ ಊರಿನಲ್ಲಿ ಒಂದೂ ಇಲ್ಲ, ಶಾಲೆಗೆ ಸೇರಿದ ದಿನ ನೆಟ್ಟ ಬೇವನ್ನು ಆ ವಾರವೇ ಆಡು ಮೇಯ್ದಿತ್ತು, ಆಮೇಲೆ ನನ್ನ ಕೈಯಿಂದ ಒಂದು ತುಳಸಿಯನ್ನೂ ನೆಟ್ಟವನಲ್ಲ ನಾನು. ಅವಳು ಹಿಡಿದದ್ದು ತಾನು ಬೀಳದಿರಲೆಂದು. ಮೊದಲ ಮೆಟ್ಟಿಲು ಇಳಿದು, ಎರಡೂ ಕಾಲು ಕೂಡಿಸಿ ನಿಂತು, ಉಸಿರು ತೆಗೆದುಕೊಂಡು, “ಹ್ಞಾಂ, ಇನ್ನೊಂದು,” ಎಂದಳು.